ಸೀಲ್ ಇರುವ ಕಾಗದ

ರೈಟರ್ ಚೆನ್ನಪ್ಪಣ್ಣನಿಗೆ ಬಾಯಿಮಾತಿನಲ್ಲಿ ನಂಬಿಕೆಯೇ ಇರಲಿಲ್ಲ. ಎಸ್ಟೇಟಿನಲ್ಲಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದವರು. ಚಳಿಜ್ವರದಲ್ಲಿ ನಡುಗುತ್ತಾ ರಜ ಕೇಳಲು ಬಂದವನಿಗೂ "ಚೀಟಿ ಎಲ್ಲೈತೆ?" ಎನ್ನುತ್ತಿದ್ದರಂತೆ. ಹೆಂಡತಿ ತವರಿಗೆ ಹೊರಟರೆ ಆಕೆಯೂ ಅಡುಗೆಮನೆಯಲ್ಲಿ ಚೀಟಿ ಇಟ್ಟು ಹೋಗಬೇಕಿತ್ತು. ಕೆಲಸ ಬಿಟ್ಟ ಮೇಲೆ ಬೆಳಗೋಡಿನ ನನ್ನ ಜೆರಾಕ್ಸ್ ಅಂಗಡಿಗೆ ಬಂದು, ಕರೆಂಟ್ ಬಿಲ್ಲಿಗೂ ಎರಡೆರಡು ಪ್ರತಿ ತೆಗೆಸುತ್ತಿದ್ದರು. ನಾನು ನಕ್ಕರೆ, "ನಗಬ್ಯಾಡ ಕಣವ್ವ, ಮಾತು ಗಾಳಿಗೆ ಹೋಗ್ಬುಡ್ತದೆ," ಎಂದು ಗದರುತ್ತಿದ್ದರು.

ಹೆತ್ತೂರಿನಲ್ಲಿ ಅವರಿಗೊಬ್ಬ ತಮ್ಮನಿದ್ದ. ತೋಟದ ದಾರಿಗಾಗಿ ಜಗಳವಾಗಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಚೆನ್ನಪ್ಪಣ್ಣ ಕಾಶಿಗೆ ಹೋಗಿದ್ದಾಗ ಆ ತಮ್ಮ ತೀರಿಕೊಂಡ. ಸುದ್ದಿ ತಿಳಿದವರೇ ಜೀವಮಾನದಲ್ಲಿ ಮೊದಲ ಸಲ ವಿಮಾನದ ಟಿಕೆಟ್ ಮಾಡಿಸಿದರು. ಬೆಳಿಗ್ಗೆ ಹೊರಡಬೇಕಿದ್ದ ವಿಮಾನ ಹೊರಟಿದ್ದು ಸಂಜೆ. ಇತ್ತ ಹೆತ್ತೂರಿನಲ್ಲಿ ಕಾದು ಕಾದು, ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿದರು. ಮಾರನೆಯ ಬೆಳಿಗ್ಗೆ ಇವರು ಅಂಗಳಕ್ಕೆ ಕಾಲಿಟ್ಟಾಗ ಯಾರೋ ನೆಂಟರು, "ಬೇಕಂತ್ಲೇ ತಡ ಮಾಡವ್ರೆ," ಎಂದದ್ದು ಕಿವಿಗೆ ಬಿತ್ತು. ಒಳಗೆ ಹೋಗದೆ ಅಲ್ಲಿಂದಲೇ ತಿರುಗಿ ಬಂದುಬಿಟ್ಟರು.

ನೇರ ನನ್ನ ಅಂಗಡಿಗೆ ಬಂದರು. "ತಡ ನಮ್ದೇ ಅಂತ ವಿಮಾನದೋರು ಬರ್ಕೊಡ್ಲಿ. ಸೀಲ್ ಇರೋ ಕಾಗದ. ಅದ್ನ ತಗಂಡೇ ತಮ್ಮನ ಹೆಂಡ್ತಿ ಮುಂದೆ ನಿಂತ್ಕತೀನಿ."

ಕಂಪನಿಯ ಜಾಲತಾಣದಲ್ಲಿ ಅಂಥ ಕಾಗದ ಕೇಳುವ ಜಾಗವೇ ಇರಲಿಲ್ಲ. ಇದ್ದದ್ದು ಪರಿಹಾರದ ಅರ್ಜಿಯೊಂದೇ. ಆದ ನಷ್ಟ ಏನೆಂದು ಬರೆಯಲಿ ಎಂದು ಕೇಳಿದೆ. "ತಮ್ಮನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಕ್ಕಾಗ್ಲಿಲ್ಲ ಅಂತ ಬರಿಯವ್ವ," ಎಂದರು. ಟೈಪ್ ಮಾಡುತ್ತಾ ನನಗೆ ಅಳು ಬಂತು.

ವಾರದ ಮೇಲೆ ಉತ್ತರ ಬಂತು: ನಷ್ಟಕ್ಕೆ ರಸೀದಿ ಲಗತ್ತಿಸಿ. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವ ಯಂತ್ರ. ಅದಕ್ಕೂ ಇವರು, "ನಮಸ್ಕಾರ, ನಾನು ಬೆಳಗೋಡಿನ ಚೆನ್ನಪ್ಪ," ಎಂದು ಶುರುಮಾಡುತ್ತಿದ್ದರು. ಅಷ್ಟರಲ್ಲಿ ತಿಥಿ ಬಂತು. ಹೆತ್ತೂರಿನಿಂದ ಒಬ್ಬರು ಬಂದು ಕರೆದೂ ಹೋದರು. "ಕರೀಬೇಕಲ್ಲ ಅಂತ ಕರ್ದವ್ರೆ. ಬರಿಗೈಲಿ ಹೋದ್ರೆ ಯಾರು ನಂಬ್ತಾರೆ?" ಎಂದು ಇವರು ಹೋಗಲಿಲ್ಲ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಕೊನೆಗೊಂದು ಮೇಲ್ ಬಂತು. ತಡಕ್ಕೆ ಮಂಜು ಕಾರಣ, ಹೊಣೆ ತಮ್ಮದಲ್ಲ, ಮುಂದಿನ ಪ್ರಯಾಣಕ್ಕೆ ರಿಯಾಯಿತಿ ಕೊಡುತ್ತೇವೆ ಎಂದಿತ್ತು. ಇಷ್ಟು ಸಾಕಲ್ಲ ಎಂದು ಪ್ರಿಂಟ್ ತೆಗೆದುಕೊಟ್ಟೆ. ಅವರು ಹಾಳೆಯ ಹಿಂದೆ ಮುಂದೆ ನೋಡಿದರು. "ಸೀಲಿಲ್ಲ, ಸಹಿ ಇಲ್ಲ. ಇದು ನೀನೇ ಟೈಪ್ ಮಾಡಿದ್ದು ಅಂದ್ಬುಟ್ರೆ? ಇನ್ನೊಂದ್ಸಲ ಬರಿಯವ್ವ." ಬರೆದೆ. ಆಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ದೂರು ಮುಕ್ತಾಯವಾಗಿದೆ ಎಂಬುದೊಂದೇ ಉತ್ತರ.

ಮಳೆಗಾಲದಲ್ಲಿ ಚೆನ್ನಪ್ಪಣ್ಣ ಹೋಗಿಬಿಟ್ಟರು. ಮಣ್ಣಿಗೆ ಹೆತ್ತೂರಿನಿಂದ ತಮ್ಮನ ಹೆಂಡತಿ ಬಂದಿದ್ದರು. ತಡೆಯಲಾರದೆ ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಕಾಗದಾನ ಯಾರು ಕೇಳಿದ್ರು ಕಣವ್ವ? ತಿಥಿ ದಿನ ಭಾವಂಗೆ ಅಂತ ಎಲೆ ಹಾಕಿ ಸಂಜೆಗಂಟ ಕಾದಿದ್ದೆ."