ಮುಚ್ಚಿ ತೆರೆದ ತುಟಿ

ಒಲೆಯ ಹೊಗೆ ಎದ್ದಾಗ ನಮ್ಮ ಅತ್ತಿಗೆಗೆ ಕಿವಿ ಕೇಳಿಸುವುದಿಲ್ಲ. ‘ಹೊಗಿ ಹೋಯ್ಲಿ, ಆಮೇಲ್ ಹೇಳಿ’ ಎಂದು ಕಣ್ಣುಜ್ಜಿಕೊಳ್ಳುತ್ತಾಳೆ. ಮನೆಯವರು ನಗುತ್ತಾರೆ, ನಾನು ನಗುವುದನ್ನು ಬಿಟ್ಟಿದ್ದೇನೆ. ಚಿಕ್ಕಂದಿನ ಜ್ವರದಲ್ಲಿ ಕಿವಿ ಮಂದವಾದ ಮೇಲೆ ಅವಳು ಅರ್ಧ ಮಾತನ್ನು ಎದುರಿನವರ ತುಟಿಯಿಂದಲೇ ಆಯ್ದುಕೊಳ್ಳುತ್ತಾಳೆ. ನೀವೇ ಯೋಚಿಸಿ, ಚೆನ್ನಾಗಿ ಕೇಳಿಸುವ ನಾವು ಮಾಡುವುದಾದರೂ ಬೇರೆ ಏನು? ಯಕ್ಷಗಾನದ ಆಟದಲ್ಲಿ ಹಾಡುವವರು ಹಿಂದೆ ಕುಳಿತ ಭಾಗವತರು. ಎದುರಿನ ವೇಷ ತುಟಿ ಅಲುಗಿಸಿದರೆ ಸಾಕು, ದನಿ ಅಲ್ಲಿಂದಲೇ ಬಂತೆಂದು ಆಣೆ ಇಡುತ್ತೇವೆ. ಕಣ್ಣು ತಂದದ್ದನ್ನೂ ಕಿವಿ ತಂದದ್ದನ್ನೂ ಮಿದುಳು ಒಳಗೇ ಹೊಲಿದು ಒಂದೇ ಬಟ್ಟೆ ಮಾಡಿ ಕೊಡುತ್ತದೆ. ಹೊಲಿಗೆ ನಮಗೆ ಕಾಣುವುದಿಲ್ಲ.

ಆ ಹೊಲಿಗೆಯನ್ನು ಬಿಚ್ಚಿ ನೋಡುವ ಪ್ರಸಂಗ ನಮ್ಮ ಮನೆಗೇ ಬಂತು. ಯುದ್ಧದ ಕಾಲದಲ್ಲಿ ಅಣ್ಣ ದೊಡ್ಡಪ್ಪನೊಡನೆ ಜಗಳವಾಡಿ, ಗಂಗೊಳ್ಳಿಯಿಂದ ಹೆಂಚು ತುಂಬಿದ ಮಂಜಿ ಹಡಗು ಹತ್ತಿ ಬೊಂಬಾಯಿಗೆ ಹೊರಟ. ಹಾಯಿ ಬಡಿಯುವ ಗಾಳಿಯಲ್ಲಿ ದಡದತ್ತ ತಿರುಗಿ ಒಂದು ಮಾತು ಹೇಳಿದ. ಅದು ‘ಬತ್ತೆ’ ಎನ್ನುತ್ತಾಳೆ ಅತ್ತಿಗೆ. ‘ಹೋತೆ’ ಎನ್ನುತ್ತಾರೆ ದೊಡ್ಡಪ್ಪ. ನಮ್ಮ ಕಡೆ ಹೊರಡುವವರು ‘ಬತ್ತೆ’, ಅಂದರೆ ಬರುತ್ತೇನೆ, ಎಂದೇ ಹೊರಡಬೇಕು. ‘ಹೋತೆ’, ಹೋಗುತ್ತೇನೆ, ಎಂದವನು ಮನೆಯ ಋಣ ಹರಿದುಕೊಂಡಂತೆ. ಮೂರು ವರ್ಷ ಅವನ ಕಾಗದವಿಲ್ಲ.

ಮೊನ್ನೆ ದೊಡ್ಡಪ್ಪ, ಅತ್ತಿಗೆಯನ್ನು ಬಿಜೂರಿನ ತವರಿಗೆ ಕಳಿಸಿಯೇಬಿಡುವುದೆಂದು ತೀರ್ಮಾನಿಸಿಕೊಂಡು ನಮ್ಮ ಜಗಲಿಗೆ ಬಂದರು. ಕಿವುಡಿಯ ಸಾಕ್ಷಿಯನ್ನು ಯಾರು ನಂಬುತ್ತಾರೆ ಎಂದು ಗೊಣಗಿ, ನನ್ನತ್ತ ತಿರುಗಿದರು.

‘ನೀ ಓದ್ದವ. ಕಿವಿಯಾರೆ ಎಂತ ಕೇಂಡೆ, ಹೇಳ್.’

ನನ್ನ ದಿನಚರಿಯಲ್ಲಿ ‘ಬತ್ತೆ’ ಎಂದಿದೆ. ಆದರೆ ಅದನ್ನು ಬರೆದದ್ದು ಅತ್ತಿಗೆ ಹೇಳಿದ ಮೇಲೆ. ಮದರಾಸಿನಲ್ಲಿ ಮನಶ್ಶಾಸ್ತ್ರ ಓದಿ ನಾನು ಗಳಿಸಿದ್ದೇನಾದರೂ ಇದ್ದರೆ, ಅದು ನನ್ನ ನೆನಪಿನ ಮೇಲಿನ ಗುಮಾನಿ. ಆ ದಿನ ಕಿವಿಗೆ ಬಿದ್ದದ್ದು ಗಾಳಿ ಮಾತ್ರ. ಆದರೆ ಅಣ್ಣನ ಮುಖ ನೋಡುತ್ತಿದ್ದವರು ನಾನು ಮತ್ತು ಅತ್ತಿಗೆ. ದೊಡ್ಡಪ್ಪ ಬೆನ್ನು ತಿರುಗಿಸಿ ನಿಂತಿದ್ದರು. ಅವರಿಗೆ ಆ ಮಾತನ್ನು ಕೇಳಿಸಿದ್ದು ಅವರ ಸಿಟ್ಟು. ತುಟಿ ಮುಚ್ಚಿ ತೆರೆದದ್ದನ್ನು ನಾನು ಕಂಡಿದ್ದೇನೆ. ಅದು ‘ಮತ್ತೆ’ ಎಂದೂ ಇರಬಹುದು, ಒಪ್ಪುತ್ತೇನೆ. ‘ಹೋತೆ’ ಮಾತ್ರ ಅಲ್ಲ.

‘ಕೇಂಡದ್ದಲ್ಲ ದೊಡ್ಡಪ್ಪ, ಕಂಡದ್ದ್. ಹೋತೆ ಅಂದ್ರೆ ತುಟಿ ಮುಚ್ಚುದಿಲ್ಲೆ. ನೀವೇ ಹೇಳಿ ಕಾಣಿ.’

ದೊಡ್ಡಪ್ಪ ಹಟಕ್ಕೆ ಬಿದ್ದು, ದನಿಯಿಲ್ಲದೆ, ‘ಹೋತೆ’ ಎಂಬುದನ್ನು ಎರಡು ಸಲ ಬಾಯಲ್ಲಿ ಆಡಿ ನೋಡಿದರು. ತುಟಿ ಗುಂಡಗಾಯಿತು, ಮುಚ್ಚಲಿಲ್ಲ.

ಬಾಗಿಲಲ್ಲಿ ನಿಂತು ಅವರ ಬಾಯನ್ನೇ ನೋಡುತ್ತಿದ್ದ ಅತ್ತಿಗೆ, ಅವರ ಕೊಡೆಯನ್ನು ತಂದು ಕೈಗಿತ್ತಳು.

‘ಹೋತ್ರಿಯಾ ಮಾವಯ್ಯ? ಆಯ್ತ್, ಹೋಯ್ ಬನ್ನಿ.’