ನೀರು ಹೊಡೆದ ಶಬ್ದ
ಬ್ಯಾಡಗಿಯ ಇಂಗ್ಲಿಷ್ ಮಾಸ್ತರು ಫಕ್ಕೀರೇಶಪ್ಪನವರಿಗೆ ‘ವೆರಿ’ ಅನ್ನೋ ಶಬ್ದದ ಮೇಲೆ ತೀರದ ಗುಮಾನಿ. ದಲಾಲಿ ಅಂಗಡಿಯಲ್ಲಿ ಬೆಳೆದ ಜೀವ. ತೂಕ ಏರಲೆಂದು ಮೆಣಸಿನಕಾಯಿ ಚೀಲಕ್ಕೆ ನೀರು ಹೊಡೆಯುವವರನ್ನು ಚಿಕ್ಕಂದಿನಿಂದ ಕಂಡವರು. ‘ವೆರಿ’ಯೂ ಅದೇ ನೀರು, ಸೊರಗಿದ ಶಬ್ದಕ್ಕೆ ಸುಳ್ಳು ತೂಕ ಎಂಬುದು ಅವರ ವಾದ. ಹುಡುಗಿಯೊಬ್ಬಳು ‘ವೆರಿ ಹ್ಯಾಪಿ’ ಎಂದು ಬರೆದರೆ ಸಾಕು, ಕಾಯಿ ಒಣಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುವ ಖರೀದಿದಾರನಂತೆ ಅವಳ ನೋಟ್‌ಬುಕ್ಕನ್ನೇ ಅಲ್ಲಾಡಿಸುತ್ತಾರೆ. “ಏನವ್ವಾ, ಇದಕ್ಕ ಯಾಕ ನೀರು ಹೊಡದಿ? ಖರೇ ಶಬ್ದ ಹೇಳು.” ‘ಡಿಲೈಟೆಡ್’ ಎಂಬ ಉತ್ತರ ಬರುವ ತನಕ ಅವಳು ಕೂಡುವಂತಿಲ್ಲ. ಬೋರ್ಡಿನ ಮೇಲೆ ‘ವೆರಿ ಟೇಸ್ಟಿ’ ಎಂದು ಬರೆಸಿದ ಅಂಗಡಿಯ ಗಿರ್ಮಿಟ್ಟನ್ನು ಅವರು ಇವತ್ತಿಗೂ ಬಾಯಿಗಿಟ್ಟವರಲ್ಲ. ಮೊನ್ನೆ ಹಾವೇರಿಯ ಡಾಕ್ಟರು ಮಾಸ್ತರರ ಹೆಂಡತಿ ಪುಷ್ಪಾವತಿಯ ರಿಪೋರ್ಟ್ ನೋಡಿ, “ಹಾರ್ಟ್ ವೆರಿ ವೀಕ್ ಆಗೇತ್ರಿ, ಮಾಸ್ತರ” ಅಂದರು. ಖರೇ ಶಬ್ದ ಯಾವುದೆಂದು ಮಾಸ್ತರು ಕೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಆಕೆ, “ಡಾಕ್ಟರು ಏನಂದ್ರು?” ಎಂದಳು. “ವೆರಿ ಗುಡ್ ಅಂದ್ರು” ಎಂದರು. ಗಂಡನ ಬಾಯಲ್ಲಿ ‘ವೆರಿ’ ಅನ್ನೋ ಶಬ್ದವನ್ನೇ ಮೂವತ್ತು ವರ್ಷದಲ್ಲಿ ಕೇಳದ ಆಕೆ, ಮುಂದೇನೂ ಕೇಳದೆ ಅವರ ಕೈ ಹಿಡಿದುಕೊಂಡಳು.