ಕಡಲಾಚೆಗೆ ಹೋದ ಅಡುಗೆಮನೆ

ಸಂಸಾರ ಸಮೇತ ಹೊರದೇಶಕ್ಕೆ ಹೊರಟವರ ಮನೆಸಾಮಾನು ಕಟ್ಟಿ ಹಡಗಿಗೆ ಏರಿಸುವ ಕೆಲಸಕ್ಕೆ ಲೋಕದಲ್ಲಿ ದೊಡ್ಡ ಹೆಸರೇನೂ ಇಲ್ಲ. ಸಾಮಾನು ಸುಖವಾಗಿ ತಲುಪಿದರೆ ಕಟ್ಟಿದವನ ನೆನಪು ಯಾರಿಗೂ ಬರುವುದಿಲ್ಲ. ಒಂದು ಪಿಂಗಾಣಿ ಬಟ್ಟಲು ಒಡೆದಾಗ ಮಾತ್ರ ಬರುತ್ತದೆ. ಇಂಥ ಕೆಲಸದಲ್ಲಿ ನಲವತ್ತೊಂದು ವರ್ಷ ಕಳೆದು, ಖಿದಿರ್‌ಪುರದ ಗೋದಾಮುಗಳಿಂದ ಹಿಡಿದು ಅಲಿಪುರದ ಬಂಗಲೆಗಳವರೆಗೆ, ‘ಗಣಪಯ್ಯ ಬರುತ್ತಾರೆ’ ಎಂದರೆ ಮನೆಯ ಯಜಮಾನಿ ನೆಮ್ಮದಿಯಿಂದ ನಿದ್ದೆ ಮಾಡುವಷ್ಟು ನಂಬಿಕೆ ಗಳಿಸಿದ ಶ್ರೀ ಗಣಪಯ್ಯನವರು ಈ ಯುಗಾದಿಗೆ ನಿವೃತ್ತರಾಗುತ್ತಿದ್ದಾರೆ. ಕಲ್ಕತ್ತೆಯ ಕನ್ನಡಿಗರಾದ ನಾವು ಅವರಿಗಾಗಿ ಈ ಸಂಪುಟವನ್ನು ತರುತ್ತಿರುವುದು ನಮ್ಮ ಋಣಭಾರವನ್ನು ಸ್ವಲ್ಪವಾದರೂ ಇಳಿಸಿಕೊಳ್ಳಲು.

ಕುಂದಾಪುರದ ಬಳಿಯ ಬಸ್ರೂರಿನವರಾದ ಗಣಪಯ್ಯನವರು ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ, ಲೇಕ್ ಮಾರ್ಕೆಟ್ಟಿನ ಹತ್ತಿರ ಇಡ್ಲಿ-ದೋಸೆಯ ಅಂಗಡಿ ನಡೆಸುತ್ತಿದ್ದ ಸೋದರಮಾವನಿಗೆ ನೆರವಾಗಲೆಂದು ಈ ಊರಿಗೆ ಬಂದರು. ಬಂದರಿನ ಗೋದಾಮಿಗೆ ಮಧ್ಯಾಹ್ನದ ಊಟದ ಕ್ಯಾರಿಯರ್ ಒಯ್ಯುವುದು ಅವರ ಪಾಲಿನ ಕೆಲಸವಾಗಿತ್ತು. ಒಂದು ದಿನ ಅಲ್ಲಿ ಮುದುಕರೊಬ್ಬರು ಹಳೆಯ ಗಾಜಿನ ತೂಗುದೀಪವನ್ನು ಬಿಡಿಸಿ, ಅದರ ಮುನ್ನೂರು ಚಿಲ್ಲರೆ ಹರಳುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದರು. ಗಣಪಯ್ಯನವರು ಕ್ಯಾರಿಯರ್ ಕೆಳಗಿಡುವುದನ್ನೂ ಮರೆತು ಕೊನೆಯ ಹರಳಿನವರೆಗೆ ನಿಂತು ನೋಡಿದರು. ಮಾವ ಸಿಡುಕಿದರು: “ಸಾಂಬಾರು ತಣ್ಣಗಾಯ್ತು ಅಂತ ಗೋದಾಮಿನವರು ಬೈತಾ ಇದ್ದಾರೆ. ನೀನು ಅಲ್ಲಿ ಎಂತ ಸಿನೆಮಾ ನೋಡ್ತಾ ಇದ್ದದ್ದಾ?”

“ಸಿನೆಮಾಕ್ಕಿಂತ ಚಂದ ಇತ್ತು ಮಾವ.”

ಮುಂದಿನ ತಿಂಗಳು ಗಣಪಯ್ಯನವರು ಆ ಮುದುಕರ ಪಕ್ಕದಲ್ಲಿ ಕೆಲಸ ಕಲಿಯಲು ಕುಳಿತಿದ್ದರು.

ಬೆಲೆಬಾಳುವ ವಸ್ತುವನ್ನು ಜೋಪಾನವಾಗಿ ಕಟ್ಟುವವರು ಬಹಳ ಮಂದಿ ಇದ್ದಾರೆ. ಬೆಲೆಯೇ ಇಲ್ಲದ ವಸ್ತುವನ್ನು ಗಣಪಯ್ಯನವರು ಕಟ್ಟುತ್ತಿದ್ದ ರೀತಿಯನ್ನು ನೋಡಿದವರು ಮರೆಯಲಾರರು. ಕೆನಡಾಕ್ಕೆ ಹೊರಟಿದ್ದ ವಿಧುರ ಪ್ರಾಧ್ಯಾಪಕರೊಬ್ಬರ ಎರಡು ಸಾವಿರ ಪುಸ್ತಕಗಳನ್ನು ಕಟ್ಟುವಾಗ, ಒಂದು ಪುಸ್ತಕದ ನಡುವೆ ಹೆಂಗಸರ ಕನ್ನಡಕವೊಂದು ಸಿಕ್ಕಿತಂತೆ. ಅವರು ಅದನ್ನು ಕದಲಿಸಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಆ ಪುಟ ತಪ್ಪಿಹೋಗದಂತೆ ಎರಡೂ ಕಡೆ ಹತ್ತಿಯಿಟ್ಟು ಸುತ್ತಿ, ಬಂದರಿನ ಅಧಿಕಾರಿಗಳಿಗೆ ಕೊಡುವ ಪಟ್ಟಿಯಲ್ಲಿ ‘ಪುಸ್ತಕ ಒಂದು, ಒಳಗೆ ಕನ್ನಡಕ ಒಂದು’ ಎಂದು ಬರೆದರು.

ಅವರ ಕಣ್ಣು ತಪ್ಪಿಸುವುದೂ ಸುಲಭವಿರಲಿಲ್ಲ. ಸಿಂಗಪುರಕ್ಕೆ ಹೊರಟ ಬೆಂಗಳೂರಿನ ಹುಡುಗಿ ಸಿಂಧೂರ, ಆಹಾರ ಪದಾರ್ಥ ಕಳಿಸಕೂಡದೆಂದು ಎಷ್ಟು ಹೇಳಿದರೂ ಕೇಳದೆ ಮಿಡಿ ಉಪ್ಪಿನಕಾಯಿಯ ಶೀಶೆಯನ್ನು ಕುಕ್ಕರಿನೊಳಗೆ ಅಡಗಿಸಿಟ್ಟಿದ್ದಳು. ಗಣಪಯ್ಯನವರು ಕುಕ್ಕರನ್ನು ಒಂದು ಸಲ ಎತ್ತಿ ನೋಡಿ, “ಇದು ಊಟ ಮಾಡಿಯೇ ಹೊರಟ ಹಾಗೆ ಉಂಟಲ್ಲ ಮಗಳೇ” ಎಂದರು. ಆ ಶೀಶೆ ಆಮೇಲೆ ಅವರ ಮನೆ ಸೇರಿತೆಂದು ಅವರ ಪತ್ನಿ ಸುಗುಣಾ ಅವರೇ ನಗುತ್ತಾ ಹೇಳುತ್ತಾರೆ.

ಇಷ್ಟು ವರ್ಷಗಳ ಸೇವೆಯಲ್ಲಿ ಅವರ ಕೈಯಿಂದ ಒಂದು ದೊಡ್ಡ ತಪ್ಪಾಯಿತು. ಅದನ್ನು ಈ ಸಂಪುಟದಲ್ಲಿ ಬರೆಯಲೇಬೇಕೆಂದು ಒತ್ತಾಯಿಸಿದವರು ಅವರೇ.

ಟಾಲಿಗಂಜಿನಲ್ಲಿದ್ದ ಮರಿಯಪ್ಪನವರು ಸೆಣಬಿನ ಗಿರಣಿಯ ಎಂಜಿನಿಯರು, ಮೈಸೂರಿನ ಕಡೆಯವರು. ಅವರ ಪತ್ನಿ ಅಹಲ್ಯಾ ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಅವರು ಇಪ್ಪತ್ತೆರಡು ವರ್ಷ ತಮ್ಮ ಅಡುಗೆಮನೆಯನ್ನು ತಾವೊಬ್ಬರೇ ನಡೆಸಿದವರು. ಆರು ವರ್ಷದ ಹಿಂದೆ ಮರಿಯಪ್ಪನವರಿಗೆ ಮೊಂಬಾಸಾದ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಾಗ ಅಹಲ್ಯಾ ಅವರು ಒಂದು ಷರತ್ತು ಹಾಕಿದರು. ಮೂರು ತಿಂಗಳು ನೋಡುವುದು. ಹೊಸ ಮನೆಯಲ್ಲಿ ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳಲಾಗದಿದ್ದರೆ ಮೈಸೂರಿನ ಅಣ್ಣನ ಮನೆಗೆ ಹಿಂದಿರುಗುವುದು. ಕೂರಿಸಿದ ಕುರ್ಚಿಯಲ್ಲಿ ಕೂತು, ಕೊಟ್ಟ ತಟ್ಟೆಯಲ್ಲಿ ಉಣ್ಣುವ ಸಂಸಾರ ತಮಗೆ ಬೇಡ ಎಂದು ಅವರು ಗಂಡನಿಗೆ ಸ್ಪಷ್ಟವಾಗಿ ಹೇಳಿದ್ದರು.

ಸಾಮಾನು ಕಟ್ಟುವ ದಿನ, ಧೂಳು ಆಗದೆಂದು ಅಹಲ್ಯಾ ಅವರನ್ನು ಪಕ್ಕದ ಮನೆಯಲ್ಲಿ ಕೂರಿಸಿದ್ದರು. ಅಡುಗೆಮನೆಯ ಗೂಡುಗಳಲ್ಲಿ ಒಂದೇ ಅಳತೆಯ ಎರಡು ಡಜನ್ ಸ್ಟೀಲ್ ಡಬ್ಬಿಗಳಿದ್ದವು. ಪ್ರತಿಯೊಂದರ ಕುತ್ತಿಗೆಗೂ ಅರಿಸಿನ, ಜಿಡ್ಡು ಹತ್ತಿದ ದಾರದ ತುಂಡು. ಕಾಳಿನ ಪುಡಿಯೋ ಹುಳುವೋ ಕಂಡರೆ ಹೊರದೇಶದ ಬಂದರಿನ ತಪಾಸಣೆಯವರು ಪೆಟ್ಟಿಗೆಯನ್ನೇ ತಡೆಹಿಡಿಯುತ್ತಾರೆ. ಆದ್ದರಿಂದ ಗಣಪಯ್ಯನವರು ಆ ದಾರಗಳನ್ನೆಲ್ಲ ಕತ್ತರಿಸಿ ಎಸೆಯಿಸಿ, ಡಬ್ಬಿಗಳನ್ನು ಬರಿದು ಮಾಡಿಸಿ, ಸೋಪು ಹಾಕಿ ಬೆಳಗಿಸಿ, ಸಾಲಾಗಿ ಇಡಿಸಿದರು. ತಮ್ಮ ಕೆಲಸದ ಬಗ್ಗೆ ಅವರಿಗೇ ಸಂತೋಷವಾಗಿತ್ತು.

ಸಂಜೆ ಅಹಲ್ಯಾ ಅವರು ಬಂದು ಒಂದು ಡಬ್ಬಿಯ ಕುತ್ತಿಗೆಯ ಸುತ್ತ ಬೆರಳಾಡಿಸಿದರು. ಇನ್ನೊಂದನ್ನು ಮುಟ್ಟಿದರು. “ದಾರ ಎಲ್ಲಿ ಗಣಪಯ್ಯನೋರೆ?”

“ಕೊಳೆಯಾಗಿತ್ತು ಅಂತ ತೆಗೆಸಿದೆ ಅಮ್ಮ.”

“ಒಂದು ಗಂಟು ತೊಗರಿಬೇಳೆ. ಎರಡು ಗಂಟು ಕಡಲೆಬೇಳೆ. ಗಂಟು ಹಿಂದುಮುಂದು ಹಾಕಿದ್ದು ಸಾರಿನಪುಡಿ.”

ಅಹಲ್ಯಾ ಅವರು ಸಿಟ್ಟಾಗಲಿಲ್ಲ. “ಹೋಗ್ಲಿ ಬಿಡಿ, ದಾರ ಕಟ್ಕೊಳ್ಳೋದು ಒಂದು ಗಂಟೆ ಕೆಲಸ. ಆದ್ರೆ ನಾನು ಪಕ್ಕದ ಮನೇಲಿ ಇದ್ದಾಗ್ಲೇ, ನನ್ನ ಮೇಲೆ ಇಷ್ಟು ವಿಶ್ವಾಸ ಇರೋರೇ ಹೀಗೆ ಮಾಡಿದ್ರೆ, ಅಲ್ಲಿ ಗುರ್ತಿಲ್ಲದೋರು ಪೆಟ್ಟಿಗೆ ಬಿಚ್ಚಿ ಎಲ್ಲೆಲ್ಲಿ ಏನೇನು ಇಡ್ತಾರೋ. ಮೈಸೂರಿಗೇ ಟಿಕೆಟ್ ತೆಗೆಸೋದು ಮೇಲೇನೋ” ಎಂದು ಗಂಡನ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಗಣಪಯ್ಯನವರು ತಮ್ಮ ಸಹಾಯಕ ರೋಹಿತನೊಂದಿಗೆ ಮತ್ತೆ ಟಾಲಿಗಂಜಿಗೆ ಬಂದರು. ಕಚೇರಿಯವರನ್ನು ಕಾಡಿಬೇಡಿ ಸಾಮಾನನ್ನು ಮುಂದಿನ ವಾರದ ಹಡಗಿಗೆ ಹಾಕಿಸಿದ್ದರು; ಆ ವಾರವನ್ನು ತಮ್ಮ ರಜೆಯಲ್ಲಿ ಬರೆಸಿದ್ದರು. ಕಟ್ಟಿದ ಪೆಟ್ಟಿಗೆಗಳನ್ನು ಬಿಚ್ಚಿ, ಡಬ್ಬಿಗಳಿಗೆ ಮತ್ತೆ ದಿನಸಿ ತುಂಬಿಸಿ, ಅಡುಗೆಮನೆಯನ್ನು ಮೊದಲಿದ್ದಂತೆ ಅಹಲ್ಯಾ ಅವರ ಕೈಯಿಂದಲೇ ಜೋಡಣೆ ಮಾಡಿಸಿದರು. ಆಮೇಲೆ ಹೆಗಲ ಮೇಲಿನ ಗಮ್ಛಾ ಟವೆಲ್ಲನ್ನು ಕಣ್ಣಿಗೆ ಬಿಗಿದುಕೊಂಡು ಒಲೆಯ ಮುಂದೆ ನಿಂತರು.

“ಇವತ್ತು ನಾನು ಸಾರು ಮಾಡುವುದು. ನೀವು ಹೇಳಿ ಅಮ್ಮ.”

ಅವರ ಕೈ ಸೌಟನ್ನು ಬೀಳಿಸಿತು, ಹುಣಿಸೆಹಣ್ಣಿನ ಡಬ್ಬಿಯನ್ನು ಉಪ್ಪೆಂದು ತೆರೆಯಿತು. ಅಹಲ್ಯಾ ಅವರಿಗೆ ನಗು ಬಂತು. “ಮನೆಗಟ್ಟಲೆ ಸಾಮಾನು ಹಡಗಿಗೆ ಏರಿಸೋ ಕೈಗೆ ಒಂದು ಚಮಚ ಸಿಗ್ಲಿಲ್ವಲ್ಲ. ಕೈ ಅಷ್ಟುದ್ದ ಚಾಚ್ಬೇಡಿ. ಉಪ್ಪು ಮೊಣಕೈ ಮಡಚಿದ ಹಾಗೇ ಸಿಗ್ಬೇಕು.” ಬಾಗಿಲಲ್ಲಿ ನಿಂತಿದ್ದ ರೋಹಿತ, “ಗಣಪಯ್ಯ ದಾದಾ, ಮನೆಗೆ ಬೆಂಕಿ ಬಿದ್ದರೆ ಅದನ್ನು ಯಾವ ಪೆಟ್ಟಿಗೆಗೆ ಹಾಕೋಣ?” ಎಂದು ಹಿಂದಿಯಲ್ಲಿ ಕೇಳಿದ.

ಮಧ್ಯಾಹ್ನದ ಹೊತ್ತಿಗೆ ಗಣಪಯ್ಯನವರಿಗೆ ಒಂದು ಸಂಗತಿ ತಿಳಿಯಿತು. ಅಹಲ್ಯಾ ಅವರ ಕೈ ಏನನ್ನೂ ಹುಡುಕುತ್ತಿರಲಿಲ್ಲ. ವೀಣೆ ನುಡಿಸುವವರ ಬೆರಳು ಮೆಟ್ಟಿಲಿನ ಮೇಲೆ ಹೋಗಿ ಕೂರುವಂತೆ ನೆಟ್ಟಗೆ ಹೋಗಿ ಕೂರುತ್ತಿತ್ತು. ಹಾಗಾದರೆ ಕಡಲಾಚೆಗೆ ಕಳಿಸಬೇಕಾದದ್ದು ಡಬ್ಬಿಗಳ ಜೊತೆಗೆ ಅವುಗಳ ನಡುವಿನ ಅಂತರವನ್ನೂ. ಅಂತರವನ್ನು ಕಟ್ಟುವ ಪೆಟ್ಟಿಗೆ ಯಾವುದು?

ಮೂರನೆಯ ದಿನ ಅವರು ಗೋಣಿತಟ್ಟಿನ ಸುರುಳಿ ತಂದರು. ಪ್ರತಿ ಗೂಡಿನ ಅಳತೆಗೂ ಒಂದೊಂದು ಪಟ್ಟಿ ಕತ್ತರಿಸಿ ಹಾಸಿದರು. ಒಂದೊಂದು ಡಬ್ಬಿ, ಬಾಟಲಿ, ಪಾತ್ರೆ ಕುಳಿತ ಜಾಗದ ಸುತ್ತ ಹುರಿಹಗ್ಗವನ್ನು ಬಳೆಯಂತೆ ಸುತ್ತಿ ದಬ್ಬಣದಿಂದ ಹೊಲಿದರು. ಬಳೆಯ ಪಕ್ಕದಲ್ಲಿ ದಾರದ ಗಂಟುಗಳು. ಅಷ್ಟೇ ಗಂಟುಗಳ ಹೊಸ ದಾರ ಡಬ್ಬಿಯ ಕುತ್ತಿಗೆಗೆ. ಹೊಲಿಗೆ ಮುಗಿಯಲು ನಾಲ್ಕು ದಿನ ಹಿಡಿಯಿತು. ರೋಹಿತನ ಬೆರಳುಗಳಿಗೂ ಅವರ ಬೆರಳುಗಳಿಗೂ ದಬ್ಬಣ ಚುಚ್ಚಿದ ಗಾಯಗಳಾಗಿದ್ದವು. ಕೊನೆಗೆ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಕಲಸುಮೇಲೋಗರ ಮಾಡಿಟ್ಟು, ಬರಿಯ ಪಟ್ಟಿಗಳನ್ನು ಗೂಡಿನಲ್ಲಿ ಹಾಸಿ, “ಈಗ ನೋಡಿ ಅಮ್ಮ” ಎಂದರು.

ಅಹಲ್ಯಾ ಅವರು ಎಡದಿಂದ ಬಲಕ್ಕೆ ಅಂಗೈಯನ್ನು ಒಂದೇ ಸಲ ಎಳೆದರು. ಮತ್ತೆ ಹಿಂದಕ್ಕೆ ತಂದರು. ನೆಲಕ್ಕೆ ಬಗ್ಗಿ ಒಂದೊಂದು ಡಬ್ಬಿಯನ್ನೂ ಎತ್ತಿ, ಗಂಟು ಎಣಿಸಿ, ಅದರ ಬಳೆಯೊಳಗೆ ಕೂರಿಸುತ್ತ ಹೋದರು. ಕಾಲು ಗಂಟೆಯಲ್ಲಿ ಇಪ್ಪತ್ತೆರಡು ವರ್ಷದ ಅಡುಗೆಮನೆ ತನ್ನ ಜಾಗದಲ್ಲಿ ಎದ್ದು ನಿಂತಿತು. ಮರಿಯಪ್ಪನವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತೇ ಇದ್ದರು. ಇಷ್ಟು ವರ್ಷ ಸೆಣಬಿನ ನಡುವೆ ಬಾಳಿದ ತಮಗೆ ಗೋಣಿತಟ್ಟಿಗೆ ಇಂಥ ಕೆಲಸವೂ ಬರುತ್ತದೆಂದು ತಿಳಿದದ್ದು ಅಂದೇ ಎಂದು ಅವರು ಆಮೇಲೆ ಹೇಳಿದ್ದುಂಟು.

ಹಡಗು ಹೋಯಿತು. ಗಣಪಯ್ಯನವರ ಜವಾಬ್ದಾರಿ ಬಂದರಿಗೆ ಮುಗಿಯಬೇಕಿತ್ತು, ಮನಸ್ಸು ಕೇಳಲಿಲ್ಲ. ಸಾಮಾನು ತಲುಪಿತೆಂಬ ಸುದ್ದಿ ಬಂತು. ಅದಾದ ಮೇಲೆ ಎರಡು ತಿಂಗಳು ಏನೂ ಬರಲಿಲ್ಲ. ತಾವಾಗಿ ಫೋನು ಮಾಡಲು ಅವರಿಗೆ ಧೈರ್ಯವಾಗಲಿಲ್ಲ. ಮೂರನೆಯ ತಿಂಗಳ ಕೊನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಅಹಲ್ಯಾ ಅವರ ಫೋನು ಬಂತು.

“ಗಣಪಯ್ಯನೋರೆ, ನಿಮ್ಮ ಎರಡನೇ ಪಟ್ಟೀನ ಕತ್ತರಿಸ್ಬಿಟ್ಟೆ.”

“ಎಂತಕ್ಕೆ ಅಮ್ಮ? ಅಳತೆ ತಪ್ಪಿತ್ತಾ?”

“ಅಳತೆ ಸರಿಯಾಗೇ ಇತ್ತು. ಮೊದಲನೇ ದಿನದಿಂದ್ಲೇ ಅಡುಗೆ ಶುರು ಮಾಡ್ದೆ. ಆದ್ರೆ ಇಲ್ಲಿ ಒಲೆ ಆ ಕಡೆ ಬಂದಿದೆ, ಮಸಾಲೆ ಎಡಗಡೆ ಇದ್ರೆ ನನಗೆ ಸಲೀಸು. ಅರ್ಧಕ್ಕೆ ಕತ್ತರಿಸಿ, ತಿರುಗಿಸಿ ಹೊಲ್ಕೊಂಡೆ. ನಾನೇ ಹೊಲ್ಕೊಂಡೆ.”

ಗಣಪಯ್ಯನವರು ತಡೆದು ಕೇಳಿದರು: “ಮತ್ತೆ ಮೈಸೂರಿನ ಟಿಕೆಟು?”

“ಅಯ್ಯೋ, ಅದನ್ನ ಯಾರು ಕೇಳ್ತಾರೆ ಈಗ. ಮಧ್ಯಾಹ್ನ ಗಿರಣಿಯೋರು ಎಂಟು ಜನ ಊಟಕ್ಕೆ ಬರ್ತಿದ್ದಾರೆ, ಬೇಳೆ ಒಲೆ ಮೇಲಿದೆ. ಫೋನಿಡಿ.”

ಅವರು ಫೋನಿಟ್ಟರು. ಯಾರದೆಂದು ಸುಗುಣಾ ಅವರು ಒಳಗಿನಿಂದ ಕೇಳಿದಾಗ, “ಮೊಂಬಾಸಾದ ಅಮ್ಮನದ್ದು. ಬೇಳೆ ಒಲೆಯ ಮೇಲೆ ಉಂಟಂತೆ” ಎಂದರು.

ವಾರಕ್ಕೆರಡು ದಿನ ಬಂದು ಹೊಸಬರಿಗೆ ಕೆಲಸ ಕಲಿಸಬೇಕೆಂದು ಸಂಸ್ಥೆಯವರು ಕೇಳಿಕೊಂಡಿದ್ದಾರೆ, ಗಣಪಯ್ಯನವರು ಒಪ್ಪಿದ್ದಾರೆ. ಕಲಿಯಲು ಬರುವವರು ಪುಣ್ಯವಂತರು. ಭಗವಂತನು ಗಣಪಯ್ಯ-ಸುಗುಣಾ ದಂಪತಿಗಳಿಗೆ ಪೂರ್ಣ ಆಯುರಾರೋಗ್ಯವನ್ನು ಕೊಡಲಿ. ಈ ಊರಿನಿಂದ ಇನ್ನೂ ಎಷ್ಟೋ ಮನೆಗಳು ಹೊರಡಲಿವೆ. ಹೊರಡುವವರ ಮಾತನ್ನು ಪೂರ್ತಿ ಕೇಳಿ ಆಮೇಲೆ ಕೈ ಹಚ್ಚುವ ಈ ಹಿರಿಯರು ಬಹುಕಾಲ ನಮ್ಮ ನಡುವೆ ಇರಲಿ.